ರಾತ್ರಿ ಕೂಗಿದ್ದು ತೋಳವೋ, ನರಿಯೋ, ಊರ ನಾಯಿಯೋ? ರೆಕಾರ್ಡ್ ಮಾಡಿ ಗುರುತಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ನನಗೆ ಬರುವ ರಾತ್ರಿ ಕೂಗಿನ ಕ್ಲಿಪ್‌ಗಳಲ್ಲಿ ಹೆಚ್ಚಿನವು ಒಂದೇ ಥರ ಹಾಳಾಗಿರುತ್ತವೆ. ಹತ್ತು ಸೆಕೆಂಡಿನ ವಾಟ್ಸ್‌ಆ್ಯಪ್ ಆಡಿಯೋ. ಶುರುವಿಗೆ ಯಾರೋ "ಏ, ಸುಮ್ನಿರ್ರಿ, ಕೇಳ್ರಿ" ಅನ್ನುತ್ತಾರೆ. ನಡುವೆ ಬರೀ ಗಾಳಿ. ಕೊನೆಗೆ ದೂರದಲ್ಲಿ ಏನೋ ಊಳಿಟ್ಟ ಹಾಗೆ ಕೇಳುತ್ತದೆ, ಅಷ್ಟರಲ್ಲಿ ಕ್ಲಿಪ್ ಮುಗಿದಿರುತ್ತದೆ. ಕೆಳಗೆ ಪ್ರಶ್ನೆ: "ತೋಳ ಅಲ್ವಾ ಸರ್?"

ಅಂಥ ಕ್ಲಿಪ್‌ನಿಂದ ಯಾರೂ ಏನೂ ಹೇಳಲಾರರು. ಕಿವಿ ಚೆನ್ನಾಗಿಲ್ಲ ಅಂತಲ್ಲ, ಕೆಲಸದ ಕ್ರಮ ತಪ್ಪಿದೆ. ಜನ ಮೊದಲು ಯಾವ ಪ್ರಾಣಿ ಅಂತ ತೀರ್ಮಾನ ಮಾಡುತ್ತಾರೆ, ಆಮೇಲೆ ಫೋನ್ ತೆಗೆಯುತ್ತಾರೆ. ಮಾಡಬೇಕಾದ್ದು ಇದರ ಉಲ್ಟಾ. ರಾತ್ರಿ ಹೊಲದಲ್ಲಿ ರೆಕಾರ್ಡ್ ಮಾತ್ರ ಮಾಡಿ. ಹೆಸರು ಹೇಳುವ ಕೆಲಸ ಮರುದಿನ ಕಂಪ್ಯೂಟರ್ ಮುಂದೆ ಇರಲಿ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಹಂತ 2 ಮತ್ತು 6 ಮಾಡದಿದ್ದರೆ ಉಳಿದದ್ದೆಲ್ಲ ವ್ಯರ್ಥ.

## ಹಂತ 1: ನಿಮ್ಮ ಸೀಮೆಯಲ್ಲಿ ಯಾರು ಕೂಗಬಹುದು ಅಂತ ಪಟ್ಟಿ ಮಾಡಿ

ನಮ್ಮ ಬಯಲಿನಲ್ಲಿ ನಾಯಿ ಜಾತಿಯ ನಾಲ್ಕು ದನಿ ಕೇಳಬಹುದು: ತೋಳ, ನರಿ, ಅದಕ್ಕಿಂತ ಚಿಕ್ಕದಾದ ಇಂಡಿಯನ್ ಫಾಕ್ಸ್, ಮತ್ತು ಊರ ನಾಯಿ. ನರಿ ಮತ್ತು ಫಾಕ್ಸ್ ಎರಡಕ್ಕೂ ಹಳ್ಳಿಯಲ್ಲಿ "ನರಿ" ಅಂತಲೇ ಅನ್ನುತ್ತಾರೆ. ಹಾಗಾಗಿ ಕುರಿಗಾಹಿಗಳನ್ನು ಕೇಳುವಾಗ ಹೆಸರು ಕೇಳಬೇಡಿ, ಗುರುತು ಕೇಳಿ. ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ಸಣಕಲು ಕಾಲು, ಬಾಲದ ತುದಿ ಕಪ್ಪು ಅಂದರೆ ಫಾಕ್ಸ್. ಈ ಬರಹದಲ್ಲಿ ಮುಂದೆ ನರಿ ಅಂದರೆ ದೊಡ್ಡದು, ಫಾಕ್ಸ್ ಅಂದರೆ ಚಿಕ್ಕದು.

ಕುರಿಗಾಹಿಗಳನ್ನು ಕೇಳುವುದು ಕಡ್ಡಾಯ ಅಂತಲೇ ಇಟ್ಟುಕೊಳ್ಳಿ. ರಾತ್ರಿಯೆಲ್ಲ ಹಟ್ಟಿ ಹತ್ತಿರ ಎದ್ದಿರುವವರು ಅವರು. ಯಾವ ದಿಕ್ಕಿನಿಂದ ಕೂಗು ಬರುತ್ತದೆ, ಎಷ್ಟು ಹೊತ್ತಿಗೆ, ಯಾವ ತಿಂಗಳಲ್ಲಿ ಜಾಸ್ತಿ ಅಂತ ಮೂರೇ ಪ್ರಶ್ನೆ ಕೇಳಿ. ತೋಳ ಇದೆಯಾ ಅಂತ ಮಾತ್ರ ಶುರುವಿಗೇ ಕೇಳಬೇಡಿ. ಹಾಗೆ ಕೇಳಿದರೆ ಪರಿಹಾರದ ಮಾತು, ಹೆದರಿಕೆಯ ಮಾತು ಎಲ್ಲ ಬಂದು ಬೆರೆತು ಉತ್ತರ ಕೆಡುತ್ತದೆ.

ಪಟ್ಟಿಯಿಂದ ಎರಡು ಪ್ರಾಣಿಗಳನ್ನು ತೆಗೆಯಿರಿ. ಒಂದು ಸೀಳುನಾಯಿ. ಕರ್ನಾಟಕದಲ್ಲಿ ಅದು ಮುಖ್ಯವಾಗಿ ಪಶ್ಚಿಮ ಘಟ್ಟದ ಕಾಡುಗಳ ಪ್ರಾಣಿ. ಮೇಲಾಗಿ ಅದು ಊಳಿಡುವುದಿಲ್ಲ, ಸಿಳ್ಳೆ ಹಾಕುತ್ತದೆ. ಇನ್ನೊಂದು ಕತ್ತೆಕಿರುಬ. ಇದು ಚಿಂಚೋಳಿ ಕಾಡಿನ ಕಡೆ ಇದೆ, ಆದರೆ ನಾಯಿ ಜಾತಿಗೆ ಸೇರಿದ್ದಲ್ಲ. ನಮ್ಮ ಪಟ್ಟೆ ಕತ್ತೆಕಿರುಬ ಬಹುಪಾಲು ಮೌನಿ. ಯೂಟ್ಯೂಬ್‌ನಲ್ಲಿ ಕೇಳುವ ಆ ಹುಚ್ಚು ನಗು ಆಫ್ರಿಕಾದ ಚುಕ್ಕೆ ಕತ್ತೆಕಿರುಬದ್ದು. ಅದನ್ನು ಕೇಳಿ ಬಂದು "ನಮ್ಮೂರಲ್ಲೂ ಹಂಗೇ ನಕ್ಕಿತ್ತು" ಅನ್ನುವವರು ಬಹಳ ಜನ.

ನಾಯಿ ಜಾತಿಯೇ ಅಲ್ಲದ ಮೋಸಗಾರರೂ ಇದ್ದಾರೆ. ನವಿಲು ಬೆಳದಿಂಗಳಲ್ಲೂ ಕೂಗುತ್ತದೆ. ಸ್ಟೋನ್ ಕರ್ಲೂ ಅನ್ನುವ ದೊಡ್ಡ ಕಣ್ಣಿನ ಹಕ್ಕಿ ರಾತ್ರಿ ಹೊಲದಲ್ಲಿ ನಿಂತು ಏರುದನಿಯಲ್ಲಿ ಸಿಳ್ಳೆ ಎಳೆಯುತ್ತದೆ. ಟಿಟ್ಟಿಭದ ಗಲಾಟೆ ಗೊತ್ತೇ ಇದೆ. ಜಗಳಕ್ಕೆ ನಿಂತ ಎರಡು ಬೆಕ್ಕುಗಳು ಇವೆಲ್ಲಕ್ಕಿಂತ ಹೆಚ್ಚು ಹೆದರಿಸುತ್ತವೆ. ವಾಡಿ ಜಂಕ್ಷನ್ ಹತ್ತಿರ ಇರುವವರು ದೂರದ ರೈಲಿನ ಹಾರ್ನ್ ಒಂದನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಗಾಳಿಯಲ್ಲಿ ತೇಲಿ ಬಂದಾಗ ಅದು ಊಳಿನ ಹಾಗೇ ಎಳೆದು ಕೇಳುತ್ತದೆ.

## ಹಂತ 2: ಫೋನಿನ ಸೆಟ್ಟಿಂಗ್ ಹಗಲಲ್ಲೇ ಸರಿಮಾಡಿ

ದುಬಾರಿ ಉಪಕರಣ ಬೇಕಿಲ್ಲ. ಆದರೆ ಫೋನನ್ನು ಹಾಗೇ ಬಳಸಿದರೂ ಆಗುವುದಿಲ್ಲ. ಫೋನಿನ ಮೈಕ್ ಇರುವುದು ಹತ್ತಿರದ ಮನುಷ್ಯನ ಮಾತಿಗೆ. ದೂರದಿಂದ ಬರುವ, ಒಂದೇ ಸ್ಥಾಯಿಯಲ್ಲಿ (ಪಿಚ್‌ನಲ್ಲಿ) ಎಳೆಯುವ ಸದ್ದನ್ನು ಅದರ ಸಾಫ್ಟ್‌ವೇರ್ ಗದ್ದಲ ಅಂತ ತಿಳಿದು ಅಳಿಸಿಹಾಕುತ್ತದೆ. ತೋಳದ ಊಳು ಸರಿಯಾಗಿ ಅಂಥದ್ದೇ ಸದ್ದು! ಕ್ಲಿಪ್‌ನಲ್ಲಿ ಕೂಗು ನಡುನಡುವೆ ಮುಳುಗಿ ಏಳುವ ಹಾಗೆ ಕೇಳುವುದಕ್ಕೆ ಕಾರಣ ಇದೇ.

ಹೀಗೆ ಮಾಡಿ. ಸದ್ದನ್ನು ಕುಗ್ಗಿಸದೆ ವೇವ್ (.wav) ಫೈಲ್ ಆಗಿ ಉಳಿಸುವ ಯಾವುದಾದರೂ ರೆಕಾರ್ಡರ್ ಆ್ಯಪ್ ಹಾಕಿಕೊಳ್ಳಿ. ಐಫೋನ್ ಇದ್ದರೆ ವಾಯ್ಸ್ ಮೆಮೋಸ್‌ನ ಆಡಿಯೋ ಕ್ವಾಲಿಟಿಯಲ್ಲಿ ಲಾಸ್‌ಲೆಸ್ ಆರಿಸಿ. ಆ್ಯಪ್‌ನಲ್ಲಿ ನಾಯ್ಸ್ ಸಪ್ರೆಷನ್, ಆಟೋ ಗೇನ್, ಎಕೋ ಕ್ಯಾನ್ಸೆಲ್ ಅಂತ ಏನೇ ಕಂಡರೂ ಆಫ್ ಮಾಡಿ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯುತ್ತದೆ ಅನ್ನುವುದು, 44,100 ಇಲ್ಲವೇ 48,000 ಹರ್ಟ್ಜ್ ಇಡಿ, 16 ಬಿಟ್, ಮೋನೋ. 48,000ದಲ್ಲಿ ಒಂದು ಗಂಟೆಯ ಮೋನೋ ಫೈಲ್ ಸುಮಾರು 345 ಎಂಬಿ ಆಗುತ್ತದೆ. ಜಾಗ ಖಾಲಿ ಮಾಡಿಕೊಂಡು ಹೋಗಿ.

ಸ್ವಲ್ಪ ಖರ್ಚು ಮಾಡಬಲ್ಲಿರಾದರೆ ಕೈಯಲ್ಲಿ ಹಿಡಿಯುವ ಸಣ್ಣ ಫೀಲ್ಡ್ ರೆಕಾರ್ಡರ್ ಕೊಳ್ಳಿ. ರಾತ್ರಿಯಿಡೀ ಒಂದೇ ಕಡೆ ಬಿಟ್ಟು ಬರಬೇಕು ಅಂದರೆ ಆಡಿಯೋಮಾತ್ ಅನ್ನುವ ಪುಟ್ಟ ಯಂತ್ರ ಇದೆ. ಮೂರು ಎಎ ಸೆಲ್, ಒಂದು ಮೆಮೊರಿ ಕಾರ್ಡ್, ಅಷ್ಟೇ. ಅದರಲ್ಲಿ ಸ್ಯಾಂಪಲ್ ರೇಟ್ 16,000 ಇಟ್ಟರೆ ನಮ್ಮ ಕೆಲಸಕ್ಕೆ ಸಾಕು. ಏಕೆಂದರೆ ಅದರ ಅರ್ಧ, ಅಂದರೆ 8,000 ಹರ್ಟ್ಜ್‌ವರೆಗಿನ ಸದ್ದು ಅದರಲ್ಲಿ ಸಿಗುತ್ತದೆ, ಊಳಿನ ಮುಖ್ಯ ಭಾಗ ಅದಕ್ಕಿಂತ ಬಹಳ ಕೆಳಗಿದೆ. ಆಗ ಗಂಟೆಗೆ ಸುಮಾರು 115 ಎಂಬಿ, ಇಡೀ ರಾತ್ರಿ ಒಂದೂವರೆ ಜಿಬಿ ಒಳಗೆ ಮುಗಿಯುತ್ತದೆ. ಅರಣ್ಯ ಇಲಾಖೆಯ ಜಾಗದಲ್ಲಿ ಮಾತ್ರ ಅನುಮತಿ ಇಲ್ಲದೆ ಇಡಬೇಡಿ. ಬೇರೆಯವರ ಹೊಲದಲ್ಲಿ ಇಡುವಾಗಲೂ ಹೇಳಿ ಇಡಿ. ಮರಕ್ಕೆ ಕಟ್ಟಿದ ಪೆಟ್ಟಿಗೆ ನೋಡಿ ಜನ ಏನೇನೋ ಅಂದುಕೊಳ್ಳುತ್ತಾರೆ.

ಇನ್ನು ಗಾಳಿ. ಬೀದರ್‌ನ ಎತ್ತರದ ಬಯಲಿನಲ್ಲಿ ಗಾಳಿ ಇಲ್ಲದ ರಾತ್ರಿ ಕಡಿಮೆ. ಮೈಕ್‌ಗೆ ಫೋಮ್ ಟೋಪಿ ಹಾಕಿ, ಅದರ ಮೇಲೆ ತುಪ್ಪಳದ ಬಟ್ಟೆ ಸುತ್ತಿ. ಫೋನ್ ಆದರೆ ಮೈಕ್ ಇರುವ ತುದಿಯ ಮೇಲೆ ತೆಳು ಸ್ಪಂಜಿನ ತುಂಡು ರಬ್ಬರ್ ಬ್ಯಾಂಡ್‌ನಿಂದ ಕಟ್ಟಿ. ರೆಕಾರ್ಡರ್‌ನಲ್ಲಿ ಲೋ ಕಟ್ (ಕೆಳಗಿನ ಸ್ಥಾಯಿಯ ಸದ್ದು ಕತ್ತರಿಸುವ ಸೆಟ್ಟಿಂಗ್) ಇದ್ದರೆ 80 ಹರ್ಟ್ಜ್ ಸಾಕು. 300ಕ್ಕೆ ಏರಿಸಿದರೆ ಊಳಿನ ಕೆಳಗಿನ ಭಾಗವೂ ಕತ್ತರಿಸಿ ಹೋಗಬಹುದು.

ಎಚ್ಚರಿಕೆಯ ಗುರುತು: ಹೊರಡುವ ಮುಂಚೆ ಮಹಡಿ ಮೇಲೆ ನಿಂತು ದೂರದ ಟ್ರಾಕ್ಟರ್ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಸದ್ದು ತಾನಾಗಿಯೇ ಏರಿಳಿದರೆ, ಇಲ್ಲವೇ ನೀರೊಳಗಿಂದ ಬಂದ ಹಾಗೆ ಗುಳುಗುಳು ಅಂದರೆ, ಯಾವುದೋ ಸಪ್ರೆಷನ್ ಇನ್ನೂ ಆನ್ ಇದೆ.

## ಹಂತ 3: ಕಾಲ ಮತ್ತು ಹೊತ್ತು ಆರಿಸಿ

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ತಂಪು ರಾತ್ರಿಗಳಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿದ್ದರೆ ಸದ್ದು ಕೆಳಕ್ಕೆ ಬಾಗಿ ದೂರ ಹೋಗುತ್ತದೆ. ಮಳೆಗಾಲದಲ್ಲಿ ಕಪ್ಪೆ, ಹುಳುಗಳ ಸದ್ದು ಎಲ್ಲವನ್ನೂ ಮುಚ್ಚುತ್ತದೆ. ಬೇಸಿಗೆಯಲ್ಲಿ ಸಂಜೆ ಗಾಳಿ ಕಾಟ.

ಹೊತ್ತು ಅಂದರೆ ಸೂರ್ಯ ಮುಳುಗಿದ ಮೇಲಿನ ಎರಡು ಗಂಟೆ, ಮತ್ತು ಬೆಳಕು ಹರಿಯುವ ಮುಂಚಿನ ಎರಡು ಗಂಟೆ. ನನ್ನ ಆಯ್ಕೆ ಬೆಳಗಿನ ಜಾವ. ಸಂಜೆ ಟ್ರಾಕ್ಟರ್, ಬೈಕ್, ಟಿವಿ, ಮೈಕ್ ಸೆಟ್ ಎಲ್ಲ ಇರುತ್ತದೆ. ತೊಗರಿ ಕಾಯಿಗಟ್ಟುವ ಹೊತ್ತಿಗೆ ಹಂದಿ ಓಡಿಸಲು ರಾತ್ರಿ ಹೊಲ ಕಾಯುವವರು ಪಟಾಕಿ ಹೊಡೆಯುತ್ತಾರೆ, ತಗಡು ಬಡಿಯುತ್ತಾರೆ. ಅದು ಅವರ ಬದುಕು, ಬೇಡ ಅನ್ನಲಾಗದು. ಅಂಥ ರಾತ್ರಿ ನೀವೇ ಜಾಗ ಬದಲಿಸಿ.

## ಹಂತ 4: ಜಾಗ ಹಗಲಲ್ಲಿ ನೋಡಿ ಬನ್ನಿ

ಈ ಹಂತವನ್ನು ಹಾರಿಸಿದರೆ ಕೆಡುವುದು ರೆಕಾರ್ಡಿಂಗ್ ಮಾತ್ರ ಅಲ್ಲ.

ನಮ್ಮ ಹೊಲಗಳಲ್ಲಿ ಕಟ್ಟೆ ಇಲ್ಲದ ತೆರೆದ ಬಾವಿಗಳಿವೆ. ಶಹಾಬಾದ್, ಚಿತ್ತಾಪುರ ಕಡೆ ಫರ್ಸಿ ಕಲ್ಲು ತೆಗೆದು ಬಿಟ್ಟ ಗುಂಡಿಗಳಿವೆ, ಅಂಚಿನಲ್ಲಿ ಹುಲ್ಲು ಬೆಳೆದು ರಾತ್ರಿ ಕಾಣುವುದೇ ಇಲ್ಲ. ಕಾಡುಹಂದಿಗೆ ಅಂತ ಕೆಲವರು ಕಾನೂನು ಮೀರಿ ಬದುವಿನ ಮೇಲೆ ನೇರ ಕರೆಂಟ್ ತಂತಿ ಎಳೆದಿರುತ್ತಾರೆ. ಇದು ಎಲ್ಲಕ್ಕಿಂತ ಅಪಾಯ. ಹೊಲದವರನ್ನು ಕೇಳದೆ ರಾತ್ರಿ ಯಾವ ಬದುವನ್ನೂ ದಾಟಬೇಡಿ. ಕೊಳಕುಮಂಡಲ ಕತ್ತಲಲ್ಲೇ ಓಡಾಡುವ ಹಾವು. ಬೂಟು, ಟಾರ್ಚ್, ಜೊತೆಗೊಬ್ಬರು, ಈ ಮೂರು ಇಲ್ಲದೆ ಹೊರಡುವುದು ಬೇಡ.

ಜಾಗ ಹೇಗಿರಬೇಕು? ಸ್ವಲ್ಪ ಎತ್ತರದ, ಮೂರು ಕಡೆ ಬಯಲು ಕಾಣುವ ದಿಣ್ಣೆ ಒಳ್ಳೆಯದು. ಮೈಕಿನ ಹಿಂದೆ ಬಣವೆಯೋ ಮೋಟುಗೋಡೆಯೋ ಇದ್ದು ಗಾಳಿ ತಡೆದರೆ ಇನ್ನೂ ಒಳ್ಳೆಯದು. ವಿದ್ಯುತ್ ಟ್ರಾನ್ಸ್‌ಫಾರ್ಮರ್, ಪಂಪ್‌ಸೆಟ್ ಹತ್ತಿರ ಬೇಡ, ಅವು ಒಂದೇ ಸಮ ಗುಂಯ್ ಅನ್ನುತ್ತವೆ. ಶಹಾಪುರ, ಯಾದಗಿರಿ ಕಡೆಯ ಬಂಡೆಗುಡ್ಡಗಳ ಬುಡದಲ್ಲಿ ನಿಲ್ಲಬೇಡಿ. ಕೂಗು ಬಂಡೆಗೆ ಬಡಿದು ವಾಪಸ್ ಬರುತ್ತದೆ. ಒಂದೇ ಪ್ರಾಣಿ ಎರಡು ದಿಕ್ಕಿನಿಂದ ಕೂಗಿದ ಹಾಗೆ ಕೇಳಿ, "ಎರಡು ಗುಂಪು ಇವೆ" ಅಂತ ಬರೆದವರಿದ್ದಾರೆ. ಗುಡ್ಡದಿಂದ ದೂರ ಬಂದು ಬಯಲಲ್ಲಿ ನಿಂತರೆ ಈ ತೊಂದರೆ ತಪ್ಪುತ್ತದೆ.

ಚಿಂಚೋಳಿ ವನ್ಯಜೀವಿ ಧಾಮದ ಒಳಗೆ ರಾತ್ರಿ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಸುತ್ತಲಿನ ತಾಂಡಾಗಳ ಹೊಲದಲ್ಲಿ, ಅಲ್ಲಿನವರ ಒಪ್ಪಿಗೆಯಿಂದ ನಿಂತರೂ ಧಾಮದ ಕಡೆಯ ಸದ್ದು ಕೇಳುತ್ತದೆ. ಒಳಗೇ ಹೋಗಬೇಕೆಂಬ ಹಟ ಯಾಕೆ?

## ಹಂತ 5: ಕೂಗು ಹಾಕಿ ಕರೆಯಬೇಡಿ

ಸ್ಪೀಕರ್‌ನಲ್ಲಿ ಊಳು ಹಾಕಿ ಉತ್ತರ ಬರುತ್ತದಾ ಅಂತ ನೋಡುವುದು, ಇಲ್ಲವೇ ತಾವೇ ಬಾಯಿಗೆ ಕೈಯಿಟ್ಟು ಊಳಿಡುವುದು ಈಗ ರೀಲ್ಸ್‌ನಲ್ಲಿ ಜಾಸ್ತಿಯಾಗಿದೆ. ಸಂಶೋಧಕರು ಅನುಮತಿ ಪಡೆದು, ಲೆಕ್ಕ ಹಾಕಿ, ಈ ವಿಧಾನ ಬಳಸುತ್ತಾರೆ. ನಮಗೆ ಅದು ಬೇಡ.

ಹಾಕಿದ ಊಳು ಆ ಜಾಗದ ತೋಳಗಳಿಗೆ ಹೊರಗಿನವರು ಒಳಗೆ ಬಂದ ಸುದ್ದಿ. ಅವು ಮರಿಗಳನ್ನು ಬಿಟ್ಟು ನಿಮ್ಮ ಕಡೆ ಬರಬಹುದು, ಇಲ್ಲವೇ ಜಾಗವನ್ನೇ ಬಿಡಬಹುದು. ದಖ್ಖನ್ ಸೀಮೆಯಲ್ಲಿ ತೋಳ ಮರಿ ಹಾಕುವುದು ಚಳಿಗಾಲದಲ್ಲಿ, ಅಂದರೆ ರೆಕಾರ್ಡಿಂಗ್‌ಗೆ ಒಳ್ಳೆಯದು ಅಂತ ನಾನು ಹೇಳಿದ ತಿಂಗಳುಗಳಲ್ಲೇ. ಜೊತೆಗೆ ನಿಮ್ಮ ಸ್ಪೀಕರ್ ಊಳು ಕೇಳಿ ಅಕ್ಕಪಕ್ಕದ ಹಟ್ಟಿಯವರು ದೊಣ್ಣೆ ಹಿಡಿದು ಹೊರಡುತ್ತಾರೆ. ತೋಳ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲ ಅನುಸೂಚಿಯಲ್ಲಿದೆ. ಅದನ್ನು ಬೆನ್ನಟ್ಟುವುದೂ ಕಾನೂನಿನ ಕಣ್ಣಲ್ಲಿ ಬೇಟೆಯೇ.

## ಹಂತ 6: ರೆಕಾರ್ಡ್ ಮಾಡುವ ಕ್ರಮ

ಕೂಗು ಕೇಳಿದ ಮೇಲೆ ಬಟನ್ ಒತ್ತಿದರೆ ತಡವಾಯಿತು. ಕೂಗಿನ ಶುರುವೇ ಗುರುತಿಸಲು ಮುಖ್ಯ. ಮೊದಲು ಬೊಗಳಿತಾ, ನೇರ ಊಳಿಗೆ ಹೋಯಿತಾ, ಒಂದೇ ಪ್ರಾಣಿ ಶುರುಮಾಡಿತಾ ಅನ್ನುವುದೆಲ್ಲ ಆ ಮೊದಲ ಕೆಲವು ಸೆಕೆಂಡಿನಲ್ಲಿ ಇರುತ್ತದೆ. ಹಾಗಾಗಿ ಜಾಗ ತಲುಪಿದ ಕೂಡಲೇ ರೆಕಾರ್ಡಿಂಗ್ ಶುರುಮಾಡಿ, ಓಡುತ್ತಲೇ ಇರಲಿ. ಖಾಲಿ ಭಾಗ ಆಮೇಲೆ ಕತ್ತರಿಸಿದರಾಯಿತು.

1. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ. ನಡುವೆ ಕರೆ ಬಂದರೆ ಕೆಲವು ಆ್ಯಪ್‌ಗಳು ರೆಕಾರ್ಡಿಂಗ್ ನಿಲ್ಲಿಸುತ್ತವೆ.
2. ಫೋನನ್ನು ಕೈಯಲ್ಲಿ ಹಿಡಿಯಬೇಡಿ. ಬೆರಳಿನ ಸದ್ದು ಎಲ್ಲಕ್ಕಿಂತ ಜೋರು ಬರುತ್ತದೆ. ಕಲ್ಲಿನ ಮೇಲೆ ಮಡಿಸಿದ ಟವೆಲ್ ಹಾಕಿ, ಮೈಕ್ ಬಯಲಿನ ಕಡೆ ಇರುವಂತೆ ಇಡಿ.
3. ಹತ್ತು ಹೆಜ್ಜೆ ದೂರ ಹೋಗಿ ಕೂತುಕೊಳ್ಳಿ. ನೈಲಾನ್ ಜಾಕೆಟ್ ಹಾಕಿದ್ದರೆ ಕೈ ಆಡಿಸಬೇಡಿ. ಉಣ್ಣೆ ಕಂಬಳಿ ಹೊದ್ದರೆ ಸದ್ದೇ ಇಲ್ಲ.
4. ಕೂಗು ಶುರುವಾದಾಗ ಯಾರೂ ಮಾತಾಡಬಾರದು. ದಿಕ್ಕು ತೋರಿಸಲು ಕೈ ಸಾಕು.
5. ಕೂಗು ನಿಂತ ಮೇಲೂ ಐದು ನಿಮಿಷ ಹಾಗೇ ಇರಿ. ಉತ್ತರ ಬೇರೆ ಕಡೆಯಿಂದ ಬರಬಹುದು. ಅದು ಮೊದಲಿನದಕ್ಕಿಂತ ಉಪಯೋಗಕ್ಕೆ ಬರುತ್ತದೆ.
6. ಆಮೇಲೆ ಅದೇ ಫೈಲ್‌ನಲ್ಲಿ ಬಾಯಲ್ಲೇ ಹೇಳಿ: ತಾರೀಖು, ಗಂಟೆ, ಊರು, ದಿಕ್ಕು, ಗಾಳಿ ಹೇಗಿತ್ತು, ಕೂಗಿನ ಮುಂಚೆ ಏನಾಯಿತು.

ಆರನೆಯದರ ಕೊನೆಯ ಮಾತು ಸಣ್ಣದಾಗಿ ಕಾಣುತ್ತದೆ, ಆದರೆ ಎಷ್ಟೋ ಕ್ಲಿಪ್ ಅದರಿಂದಲೇ ಬಗೆಹರಿಯುತ್ತವೆ. ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯ ಸೈರನ್, ಆಂಬ್ಯುಲೆನ್ಸ್, ಗುಡಿಯ ಶಂಖ, ಇಂಥ ಎಳೆದ ಸದ್ದಿಗೆ ಊರ ನಾಯಿಗಳು ಊಳಿಡುತ್ತವೆ. ನರಿಗಳೂ ಕೆಲವೊಮ್ಮೆ ದನಿಗೂಡಿಸುತ್ತವೆ. ಸೈರನ್ ಆದ ಕೂಡಲೇ ಊರಿನ ದಿಕ್ಕಿನಿಂದ ಊಳು ಬಂದಿದ್ದರೆ ಮೊದಲ ಅನುಮಾನ ನಾಯಿಯ ಮೇಲೆ ಇರಲಿ.

ಮೀಟರ್ ಕಾಣುವ ರೆಕಾರ್ಡರ್ ಇದ್ದರೆ, ಹತ್ತಿರದ ಟಿಟ್ಟಿಭ ಕೂಗಿದಾಗಲೂ ಸೂಚಿ ಮೈನಸ್ 12 ಡೆಸಿಬಲ್ ದಾಟದಂತೆ ಗೇನ್ (ಮೈಕ್ ಸದ್ದನ್ನು ಹಿಗ್ಗಿಸುವ ಮಟ್ಟ) ಇಡಿ. ಕಡಿಮೆ ಇದ್ದರೆ ಆಮೇಲೆ ಏರಿಸಬಹುದು. ಒಡೆದ ಸದ್ದನ್ನು ಕೂಡಿಸಲು ಆಗುವುದಿಲ್ಲ.

## ಹಂತ 7: ಸದ್ದನ್ನು ಕಣ್ಣಲ್ಲಿ ನೋಡಿ

ಈಗ ಮನೆಗೆ ಬನ್ನಿ, ನಿದ್ದೆ ಮಾಡಿ. ಮೂಲ ಫೈಲ್ ಮುಟ್ಟದೆ ಇನ್ನೊಂದು ಪ್ರತಿ ಮಾಡಿಕೊಳ್ಳಿ. ಕಂಪ್ಯೂಟರ್‌ನಲ್ಲಿ ಆಡಾಸಿಟಿ ಹಾಕಿಕೊಳ್ಳಿ, ಉಚಿತ. ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ರೇವನ್ ಲೈಟ್ ಕೂಡ ಉಚಿತ, ಅದೂ ಆಗುತ್ತದೆ. ಹಕ್ಕಿ ಗುರುತಿಸುವ ಆ್ಯಪ್‌ಗಳಿಗೆ ಈ ಕೂಗು ಕೊಡಬೇಡಿ. ಅವು ಹಕ್ಕಿಗಳಿಗೆ ಮಾಡಿದವು, ತೋಳಕ್ಕೂ ಯಾವುದೋ ಗೂಬೆಯ ಹೆಸರು ಹೇಳಬಹುದು.

ಆಡಾಸಿಟಿಯಲ್ಲಿ ಟ್ರ್ಯಾಕ್ ಹೆಸರಿನ ಮೆನುವಿನಿಂದ ಸ್ಪೆಕ್ಟ್ರೋಗ್ರಾಂ, ಅಂದರೆ ಹೊತ್ತು ಮತ್ತು ಸ್ಥಾಯಿ ತೋರಿಸುವ ಸದ್ದಿನ ಚಿತ್ರ, ಆರಿಸಿ. ಸೆಟ್ಟಿಂಗ್‌ನಲ್ಲಿ ಮೂರು ಬದಲಾವಣೆ ಮಾಡಿ. ಸ್ಕೇಲ್ ಲೀನಿಯರ್ ಇರಲಿ. ಗರಿಷ್ಠ ಫ್ರೀಕ್ವೆನ್ಸಿ 4,000 ಹರ್ಟ್ಜ್. ವಿಂಡೋ ಸೈಜ್ 4096. ಆಡಿಯೋಮಾತ್‌ನ 16,000ದ ಫೈಲ್ ಆದರೆ ವಿಂಡೋ 1024 ಅಥವಾ 2048 ಸಾಕು. ಜನ ಇಲ್ಲಿ ಸೋಲುವುದು ಸೆಟ್ಟಿಂಗ್ ಹಾಗೇ ಬಿಟ್ಟು. ಚಿತ್ರ 20,000ದವರೆಗೆ ತೆರೆದಿದ್ದರೆ ಊಳು ತಳದಲ್ಲಿ ಕೂದಲೆಳೆಯಷ್ಟು ಕಾಣುತ್ತದೆ. "ಏನೂ ಇಲ್ಲ" ಅಂತ ಮುಚ್ಚಿಬಿಡುತ್ತಾರೆ.

ಚಿತ್ರದಲ್ಲಿ ಊಳು ಒಂದರ ಮೇಲೊಂದು ಸಮಾನಾಂತರ ಗೆರೆಗಳಾಗಿ ಕಾಣುತ್ತದೆ. ಎಲ್ಲಕ್ಕಿಂತ ಕೆಳಗಿನದು ಮೂಲ ಸ್ಥಾಯಿ, ಮೇಲಿನವು ಅದರ ಎರಡರಷ್ಟು, ಮೂರರಷ್ಟು ಎತ್ತರದ ಗೆರೆಗಳು. ತಪ್ಪಾಗುವುದು ಇಲ್ಲೇ. ಮೂಲದ ಗೆರೆ ಗಾಳಿ, ಟ್ರಾಕ್ಟರ್ ಸದ್ದಿನಲ್ಲಿ ಮುಚ್ಚಿಹೋಗಿರುತ್ತದೆ. ಎರಡನೇ ಗೆರೆಯೇ ಗಾಢವಾಗಿ ಕಾಣುತ್ತದೆ. ಅದನ್ನೇ ಮೂಲ ಅಂತ ಓದಿದರೆ ತೋಳದ ಸ್ಥಾಯಿ ಎರಡು ಪಟ್ಟಾಗಿ, ಉತ್ತರ ನರಿ ಅಂತ ಬರುತ್ತದೆ.

ಇದಕ್ಕೆ ಸುಲಭ ದಾರಿ ಇದೆ. ಗೆರೆಯ ಎತ್ತರ ಓದಬೇಡಿ, ಎರಡು ಗೆರೆಗಳ ನಡುವಿನ ಅಂತರ ಅಳೆಯಿರಿ. ಒಂದೇ ಕ್ಷಣದಲ್ಲಿ ಗೆರೆಗಳು 900, 1,350, 1,800ರಲ್ಲಿ ಕಂಡರೆ ಅಂತರ 450. ಅಂದರೆ ಮೂಲ ಸ್ಥಾಯಿ 450 ಹರ್ಟ್ಜ್. ಆ ಗೆರೆ ಕಣ್ಣಿಗೆ ಕಾಣದಿದ್ದರೂ ಲೆಕ್ಕ ಸರಿ. ಸ್ಕೇಲ್ ಲೀನಿಯರ್ ಇರಲಿ ಅಂದದ್ದು ಇದಕ್ಕೇ. ಬೇರೆ ಸ್ಕೇಲ್‌ನಲ್ಲಿ ಅಂತರ ಸಮನಾಗಿ ಕಾಣುವುದಿಲ್ಲ.

ಸದ್ದು ಸಣ್ಣದಾಗಿದ್ದರೆ ಪ್ರತಿಯಲ್ಲಿ ಆಂಪ್ಲಿಫೈ ಮಾಡಿ. ನಾಯ್ಸ್ ರಿಡಕ್ಷನ್ ಮುಟ್ಟಬೇಡಿ. ಅದು ಗೆರೆಗಳನ್ನು ತಿನ್ನುತ್ತದೆ, ಇಲ್ಲದ ಗೆರೆಗಳನ್ನೂ ಹುಟ್ಟಿಸುತ್ತದೆ.

## ಹಂತ 8: ಈಗ ಹೆಸರು ಹೇಳಿ

ತೋಳ. ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು ಮಹಾರಾಷ್ಟ್ರದ ತೋಳಗಳ ದನಿ ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಊಳಿನ ಮೂಲ ಸ್ಥಾಯಿ ಸರಾಸರಿ 422 ಹರ್ಟ್ಜ್ ಇತ್ತು, ಉದ್ದ ಸುಮಾರು 5 ಸೆಕೆಂಡು. ನಮ್ಮ ಬಯಲಿನ ತೋಳಗಳೂ ಅದೇ ಭಾರತೀಯ ತೋಳಗಳು, ಹಾಗಾಗಿ ಅಳತೆಗೋಲಾಗಿ ಇದು ಸಾಕು. ಸರಾಸರಿ ಅಂದರೆ ಪ್ರತಿ ಊಳೂ ಅಷ್ಟೇ ಇರಬೇಕು ಅಂತಲ್ಲ. ಚಿತ್ರದಲ್ಲಿ ಗೆರೆ ಬೇಗ ಏರಿ, ಬಹಳ ಹೊತ್ತು ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿ ಹೋಗಿ, ಕೊನೆಗೆ ಇಳಿಯುತ್ತದೆ. ಗುಂಪು ಕೂಗಿದರೆ ಒಂದೊಂದು ತೋಳ ಒಂದೊಂದು ಸ್ಥಾಯಿ ಹಿಡಿಯುತ್ತದೆ, ಗೆರೆಗಳು ಒಂದನ್ನೊಂದು ದಾಟುತ್ತವೆ. ಅದೇ ಅಧ್ಯಯನ ಊಳಿನ ಜೊತೆಗೆ ಬೊಗಳಿಕೆ ಬೆರೆತ ಊಳು, ಕುಂಯ್‌ಗುಡುವಿಕೆ, ಕೀಚಲು ದನಿಯಂಥ ಬೇರೆ ಬಗೆಗಳನ್ನೂ ಗುರುತಿಸಿತ್ತು. ಕೊನೆಯ ಎರಡು ತೀರ ಹತ್ತಿರದ ಮಾತುಕತೆ, ಹೊಲದ ಬದುವಿನಿಂದ ನಿಮಗೆ ಸಿಗುವುದು ಅಪರೂಪ.

ಬೊಗಳಿಕೆ ಬೆರೆತ ಊಳು ಹತ್ತಿರದಲ್ಲೇ, ನಿಮ್ಮ ಕಡೆಗೇ ಕೇಳಿದರೆ ರೆಕಾರ್ಡಿಂಗ್ ಬಿಡಿ. ಅದು ಎಚ್ಚರಿಕೆಯ ದನಿ. ಗೂಡು ಸಮೀಪ ಇರಬಹುದು. ಟಾರ್ಚ್ ಬೀಸದೆ, ಬಂದ ದಾರಿಯಲ್ಲೇ ವಾಪಸ್ ಹೋಗಿ. ಮರುದಿನ ಗೂಡು ಹುಡುಕಲು ಹೋಗುವುದೂ ಬೇಡ.

ನರಿ. ಇದು ನಮ್ಮ ಕಡೆ ಜಾಸ್ತಿ ಕೇಳುವ ಕೂಗು. ತೋಳ ಅಂತ ನನಗೆ ಕಳಿಸಿದ ಕ್ಲಿಪ್‌ಗಳಲ್ಲಿ ಹೆಚ್ಚಿನವು ಇದೇ. ಒಂದು ನರಿ ಶುರು ಮಾಡುತ್ತದೆ. ಎರಡು ಮೂರು ಎಳೆತ, ಮೆಟ್ಟಿಲು ಹತ್ತಿದ ಹಾಗೆ ಒಂದಕ್ಕಿಂತ ಒಂದು ಮೇಲೆ. ಆಮೇಲೆ ಉಳಿದವು ಸೇರಿ ಕೀಕ್ ಕೀಕ್ ಅಂತ ಒಡೆದ ದನಿಯಲ್ಲಿ ಗದ್ದಲ ಎಬ್ಬಿಸುತ್ತವೆ. ಥಟ್ಟನೆ ನಿಲ್ಲುತ್ತದೆ. ಚಿತ್ರದಲ್ಲಿ ಗೆರೆಗಳು ತೋಳದಕ್ಕಿಂತ ಮೇಲೆ, ತುಂಡು ತುಂಡಾಗಿ, ಸದಾ ಏರಿಳಿಯುತ್ತ ಇರುತ್ತವೆ. ಉದ್ದ ಮಟ್ಟಸ ಗೆರೆ ಸಿಗುವುದಿಲ್ಲ. ಕಬ್ಬಿನ ಗದ್ದೆ ಇರುವ ಅಫಜಲಪುರ, ಭಾಲ್ಕಿ ಕಡೆ ಊರಿಗೆ ಬಹಳ ಹತ್ತಿರವೇ ಕೇಳುತ್ತದೆ.

ಒಂದು ಗೊಂದಲ ಇಲ್ಲಿ ನಿಜವಾಗಿಯೂ ಇದೆ. ತೋಳದ ಗುಂಪಿನಲ್ಲಿ ಮರಿಗಳೂ ಸೇರಿ ಕೂಗಿದರೆ ಅವುಗಳ ಎಳೆ ದನಿ ನರಿಯಂತೆಯೇ ಮೇಲೆ ಇರುತ್ತದೆ. ಆಗ ಇಡೀ ಗದ್ದಲ ನೋಡಬೇಡಿ. ಅದರೊಳಗೆ ಕೆಳಗಿನ ಸ್ಥಾಯಿಯ, ಮೂರು ನಾಲ್ಕು ಸೆಕೆಂಡು ಮಟ್ಟಸವಾಗಿ ಹೋಗುವ ಒಂದಾದರೂ ಗೆರೆ ಇದೆಯಾ ಹುಡುಕಿ. ಇದ್ದರೆ ದೊಡ್ಡ ತೋಳದ ಕಡೆ ತಕ್ಕಡಿ ವಾಲುತ್ತದೆ.

ಫಾಕ್ಸ್. ಊಳು ಇಲ್ಲ. ಚುಟುಕು ಬೊಗಳಿಕೆ, ಚಟಚಟ ಅಂತ ಸಾಲಾಗಿ. ಹಕ್ಕಿ ಅಂದುಕೊಳ್ಳುವವರೇ ಹೆಚ್ಚು.

ಊರ ನಾಯಿ. ನಿಜವಾದ ತಲೆನೋವು ಇದು. ನಾಯಿ ತೋಳದ ಬಳಗವೇ, ಅದರ ಊಳಿನ ಸ್ಥಾಯಿ ತೋಳದ ಮೇಲೇ ಬೀಳಬಹುದು. ಬೇರೆ ಸುಳಿವು ನೋಡಿ. ಊಳಿನ ಹಿಂದೆ ಮುಂದೆ ಬೊಗಳಿಕೆ ಇದೆಯಾ? ಒಂದೇ ಜಾಗದಿಂದ ತಾಸುಗಟ್ಟಲೆ ಬರುತ್ತಿದೆಯಾ? ದಿಕ್ಕು ಊರಿನದ್ದಾ, ಹಟ್ಟಿಯದ್ದಾ? ಹೌದು ಅಂದರೆ ನಾಯಿ. ಪುಣೆ ಭಾಗದಲ್ಲಿ ತೋಳ ಮತ್ತು ನಾಯಿಯ ಮಿಶ್ರ ಮರಿಗಳು ಇರುವುದು ವಂಶವಾಹಿ ಪರೀಕ್ಷೆಯಿಂದ ಖಚಿತವಾಗಿದೆ. ಅಂಥದ್ದನ್ನು ದನಿಯಿಂದ ಹೇಳುವ ಪ್ರಯತ್ನವೇ ಬೇಡ.

ಉತ್ತರವನ್ನು ಮೂರು ಥರ ಬರೆಯಿರಿ: ಖಚಿತ, ಬಹುಶಃ, ಗೊತ್ತಿಲ್ಲ. "ತೋಳ ಇಲ್ಲವೇ ನಾಯಿ, ಗೊತ್ತಿಲ್ಲ" ಅನ್ನುವುದು ಪೂರ್ತಿ ಒಳ್ಳೆಯ ಉತ್ತರ. ಎಷ್ಟಿದ್ದವು ಅನ್ನುವುದನ್ನು ಮಾತ್ರ ಗದ್ದಲದಿಂದ ಎಣಿಸಬೇಡಿ. ಎರಡು ಮೂರು ನರಿಗಳು ಸೇರಿದರೆ ಹತ್ತರ ಸದ್ದು ಬರುತ್ತದೆ. ಚಿತ್ರದಲ್ಲಿ ಒಂದೇ ಕ್ಷಣದಲ್ಲಿ ಬೇರೆ ಬೇರೆ ಮೂಲದ ಎಷ್ಟು ಗೆರೆ ಕಾಣುತ್ತವೋ ಅಷ್ಟು "ಕನಿಷ್ಠ" ಅಂತ ಬರೆಯಬಹುದು, ಅದಕ್ಕಿಂತ ಹೆಚ್ಚು ಹೇಳಲಾಗದು.

## ಹಂತ 9: ಎಲ್ಲಿಂದ ಬಂತು ಅಂತ ತಿಳಿಯಬೇಕಿದ್ದರೆ

ಒಬ್ಬರೇ ಇದ್ದರೆ ದಿಕ್ಕು ಸಿಗುತ್ತದೆ, ದೂರ ಸಿಗುವುದಿಲ್ಲ. "ಒಂದು ಕಿಲೋಮೀಟರ್ ಇರಬಹುದು" ಅನ್ನುವ ಅಂದಾಜುಗಳನ್ನು ನಾನು ನಂಬುವುದಿಲ್ಲ. ತಂಪು ರಾತ್ರಿಯಲ್ಲಿ ಊಳು ಕೆಲವು ಕಿಲೋಮೀಟರ್ ಬರುತ್ತದೆ, ಗಾಳಿ ತಿರುಗಿದರೆ ಪಕ್ಕದ ಹೊಲದ್ದೂ ಕೇಳುವುದಿಲ್ಲ.

ಇಬ್ಬರಿದ್ದರೆ ಒಂದರ್ಧ ಕಿಲೋಮೀಟರ್ ಅಂತರದಲ್ಲಿ ಕೂತು, ಕೂಗು ಬಂದಾಗ ಇಬ್ಬರೂ ದಿಕ್ಸೂಚಿಯಿಂದ ಡಿಗ್ರಿ ಬರೆದುಕೊಳ್ಳಿ. ನಕ್ಷೆಯಲ್ಲಿ ಎರಡು ಗೆರೆ ಎಳೆದರೆ ಕೂಡುವ ಜಾಗ ಸುಮಾರಾಗಿ ಸಿಗುತ್ತದೆ. ಗೆರೆಗಳು 30 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ದಾಟಿದರೆ ಆ ಲೆಕ್ಕ ಬಿಟ್ಟುಬಿಡಿ. ಫೋನಿನ ದಿಕ್ಸೂಚಿಯನ್ನು ಬೈಕ್ ಪಕ್ಕ ನೋಡಬೇಡಿ, ಕಬ್ಬಿಣ ಅದನ್ನು ತಿರುಗಿಸುತ್ತದೆ.

## ಹಂತ 10: ಯಾವಾಗ ಎದ್ದು ಹೋಗಬೇಕು

ಕೂಗು ಕೇಳಿದರೆ ಕುರಿಗೆ ಬರುತ್ತದೆ ಅಂತ ಹಟ್ಟಿಯಲ್ಲಿ ಭಯ ಇದೆ. ಬೇಟೆಗೆ ಬರುವ ತೋಳ ಸದ್ದಿಲ್ಲದೆ ಬರುತ್ತದೆ. ಊಳು ಚದುರಿದವರನ್ನು ಕೂಡಿಸಲು, ಬೇರೆ ಗುಂಪನ್ನು ದೂರ ಇಡಲು. ಇದನ್ನು ಕುರಿಗಾಹಿಗಳಿಗೆ ಹೇಳಿ, ಆದರೆ ವಾದ ಮಾಡಬೇಡಿ. ಕುರಿ ಕಳಕೊಂಡವರು ಅವರು.

ಹೆದರಬೇಕಾದ್ದು ಬೇರೆ. ನಾಯಿಯಾಗಲಿ, ನರಿ, ತೋಳವಾಗಲಿ ಹೆದರದೆ ನೇರ ನಿಮ್ಮತ್ತ ಬಂದರೆ, ಜೊಲ್ಲು ಸುರಿಸುತ್ತ ತೂರಾಡಿದರೆ, ದನಿ ಗೊಗ್ಗರಾಗಿ ಒಡೆದಿದ್ದರೆ ಹುಚ್ಚಿನ ಅನುಮಾನ ಪಡಿ. ರೇಬಿಸ್ ಗಂಟಲಿನ ಸ್ನಾಯುಗಳನ್ನು ಹಿಡಿಯುತ್ತದೆ, ದನಿ ಬದಲಾಗುತ್ತದೆ. ರೆಕಾರ್ಡರ್ ಅಲ್ಲೇ ಬಿಟ್ಟು ವಾಹನದೊಳಗೆ ಹೋಗಿ. ಕಚ್ಚಿದರೆ, ಪರಚಿದರೂ ಸಹ, ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ರಾತ್ರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಹಚ್ಚಬೇಡಿ. ಗಾಯಗೊಂಡ ಅಥವಾ ಬಾವಿಗೆ ಬಿದ್ದ ಕಾಡುಪ್ರಾಣಿ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.

## ಹಂತ 11: ಕಳಿಸುವಾಗ

ಫೈಲ್ ಹೆಸರಿನಲ್ಲೇ ತಾರೀಖು, ಹೊತ್ತು, ತಾಲ್ಲೂಕು ಬರಲಿ. ಊರಿನ ಹೆಸರು, ಜಿಪಿಎಸ್ ಅಂಕಿ ನಿಮ್ಮ ನೋಟ್‌ಬುಕ್‌ನಲ್ಲಿರಲಿ, ಗ್ರೂಪ್‌ಗಳಲ್ಲಿ ಬೇಡ. ಗೂಡಿನ ಜಾಗ ಊರಿಗೆ ಗೊತ್ತಾದರೆ ಹೊಗೆ ಹಾಕುತ್ತಾರೆ, ಕಲ್ಲು ತುಂಬುತ್ತಾರೆ. ಫೋಟೋ ತೆಗೆಯುವವರೂ ಅಲ್ಲೇ ಠಿಕಾಣಿ ಹೂಡುತ್ತಾರೆ.

ವಾಟ್ಸ್‌ಆ್ಯಪ್‌ನಲ್ಲಿ ಮೈಕ್ ಬಟನ್ ಒತ್ತಿ ಸ್ಪೀಕರ್ ಮುಂದೆ ಹಿಡಿದು ಕಳಿಸುವವರು ಇನ್ನೂ ಇದ್ದಾರೆ. ಹಾಗೆ ಮಾಡಿದರೆ ಹಂತ 2ರ ಶ್ರಮ ನೀರಿಗೆ ಹೋಯಿತು. ವೇವ್ ಫೈಲನ್ನು ಅಟ್ಯಾಚ್‌ನಲ್ಲಿ "ಡಾಕ್ಯುಮೆಂಟ್" ಆರಿಸಿ ಕಳಿಸಿ, ಆಗ ಅದು ಇದ್ದ ಹಾಗೇ ತಲುಪುತ್ತದೆ. ಇಲ್ಲವೇ ಡ್ರೈವ್‌ಗೆ ಹಾಕಿ ಲಿಂಕ್ ಕೊಡಿ. ಕತ್ತರಿಸುವುದಿದ್ದರೆ ಕೂಗಿನ ಮುಂಚೆ 30 ಸೆಕೆಂಡು, ಆಮೇಲೆ 30 ಸೆಕೆಂಡು ಉಳಿಸಿ ಕತ್ತರಿಸಿ. ಸ್ಪೆಕ್ಟ್ರೋಗ್ರಾಂ ಚಿತ್ರವನ್ನೂ ಜೊತೆಗೆ ಹಾಕಿ, ಆದರೆ ನೀವು ಅಂದುಕೊಂಡ ಪ್ರಾಣಿಯ ಹೆಸರನ್ನು ಮೊದಲ ಮೆಸೇಜ್‌ನಲ್ಲಿ ಬರೆಯಬೇಡಿ. ನಾನು ನನ್ನ ಉತ್ತರ ಹೇಳಿದ ಮೇಲೆ ನಿಮ್ಮದು ಹೇಳಿ.